ಮಸುಕು ಫೋಟೋಗಳಿಗೆ ಮುಖ ತೊಳೆಸಿದ್ದು

ನಾನು ಏನನ್ನಾದರೂ ಸರಿಮಾಡುತ್ತೇನೆ ಎಂದು ಎದ್ದು ನಿಂತರೆ ಸಾಕು, ನಮ್ಮ ಮನೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅವರದು ತಪ್ಪೆಂದು ಹೇಳಲಾರೆ. ನಾನು ನಲ್ಲಿ ರಿಪೇರಿ ಮಾಡಿದ ಮೇಲೆ ಪಕ್ಕದ ಮನೆಯವರು ನೀರಿಗೆ ಪರದಾಡುವುದೇ ನಿಂತುಹೋಯಿತು. ನಮ್ಮ ನೀರೆಲ್ಲ ಅವರ ಮನೆಯೊಳಗೇ ಹರಿಯುತ್ತಿತ್ತು. ಈ ಸಲ ನಾನು ಸರಿಮಾಡಲು ಹೊರಟದ್ದು ಫೋಟೋಗಳನ್ನು.

ಆದೋನಿಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುವುದರಿಂದ ನನಗೆ ಬಿಡುವು ಧಾರಾಳ. ಕ್ಯಾಮೆರಾ ಇರುವ ಮೊದಲ ಫೋನು ಕೈಗೆ ಬಂದ ದಿನದಿಂದ ಕಂಡದ್ದನ್ನೆಲ್ಲ ತೆಗೆದು ಇಂಟರ್ನೆಟ್ಟಿನ ನನ್ನ ಪುಟದಲ್ಲಿ ಹಾಕುತ್ತಾ ಬಂದೆ. ಯಾರು ಬೇಕಾದರೂ ನೋಡಬಹುದು ಎಂದು ಬಾಗಿಲು ತೆರೆದಿಟ್ಟಿದ್ದೆ. ಅದನ್ನು ನಾನು ಔದಾರ್ಯ ಎಂದುಕೊಂಡಿದ್ದೆ. ನೋಡಿದವರು ಏನೆಂದುಕೊಂಡರೋ, ನನ್ನ ಮುಂದೆ ಯಾರೂ ಹೇಳಲಿಲ್ಲ.

ಹೀಗಿರುವಾಗ ಮಗಳಿಗೆ ಆಸ್ಪರಿಯಿಂದ ಒಂದು ಸಂಬಂಧ ಬಂತು. ಮಗಳು ಇಲ್ಲೇ ಒಂದು ಶಾಲೆಯಲ್ಲಿ ಟೀಚರ್, ಹುಡುಗ ದನದ ಡಾಕ್ಟರು. ಇಬ್ಬರೂ ಫೋನಿನಲ್ಲಿ ಮಾತಾಡಿ ಒಪ್ಪಿಕೊಂಡಾಗಿತ್ತು. ಅವಳು ಒಬ್ಬಳೇ ನಗುತ್ತಾ ಅಕ್ಕಿ ಆರಿಸುವುದನ್ನು ನೋಡಿದರೇ ತಿಳಿಯುತ್ತಿತ್ತು. ಉಳಿದದ್ದು ಹುಡುಗನ ಅಜ್ಜಿಯ ಒಪ್ಪಿಗೆ. ಆ ಮನೆಯಲ್ಲಿ ಅಜ್ಜಿಯ ಮಾತೇ ಕೊನೆಯದಂತೆ. ಅಜ್ಜಿ ಜಾತಕ ನೋಡುವವಳಲ್ಲ, ಮೊಮ್ಮಕ್ಕಳ ಫೋನಿನಲ್ಲಿ ಹೆಣ್ಣಿನ ಮನೆಯವರ ಫೋಟೋ ನೋಡಿ ಮನೆತನ ಎಂಥದೆಂದು ಹೇಳಿಬಿಡುವವಳು.

"ಅಪ್ಪಾ, ಅವ್ರು ನೋಡೂದ್ರೊಳಗ ನಿನ್ನ ಪುಟ ತೊಳದುಬಿಡು. ಆ ಫೋಟೋ ಮೊದಲ ನೋಡಿದ್ರ ನಾನ ಈ ಮನ್ಯಾಗ ಹುಟ್ಟತಿದ್ದಿಲ್ಲ" ಎಂದಳು ಮಗಳು.

"ಪೂರಾ ಮುಚ್ಚಿಬಿಡ್ಲೇನು?" ಎಂದೆ.

"ಮುಚ್ಚಿದ್ರ ಏನೋ ಐತಿ ಅದಕ್ಕ ಮುಚ್ಯಾರ ಅಂತಾರ" ಎಂದು ಹೆಂಡತಿ ಒಳಗಿನಿಂದಲೇ ತೀರ್ಪು ಕೊಟ್ಟಳು. ಹಾಗಾಗಿ ತೊಳೆಯುವುದೇ ಎಂದಾಯಿತು.

ಹೆಬ್ಬೆರಳು

ಮಗಳು ಪಕ್ಕದಲ್ಲಿ ಕೂತು ಹಳೆಯ ಫೋಟೋಗಳನ್ನು ಒಂದೊಂದಾಗಿ ತೆಗೆದಳು.

"ಇದೇನಪ್ಪಾ?"

"ನಿಮ್ಮ ಅತ್ತಿ ಮನಿ ಗೃಹಪ್ರವೇಶ."

"ಅತ್ತಿ ಎಲ್ಲಿ ಅದಾಳ?"

"ಹೆಬ್ಬಟ್ಟಿನ ಹಿಂದ."

ಮುಂದಿನದು ಆದೋನಿಯ ಕೋಟೆ. ಫೋಟೋದ ತುಂಬ ಬಿಳಿ ಮಂಜು.

"ನಮ್ಮ ಊರಾಗ ಮಂಜು ಯಾವಾಗ ಬಿದ್ದಿತ್ತು?"

"ಮಂಜಲ್ಲವ್ವ, ಬೆವರು. ಫೋನು ಅಂಗಿ ಜೇಬಿನ್ಯಾಗ ಇತ್ತು."

ಹೀಗೇ ಮದುವೆ, ಮುಂಜಿ, ಸೀಮಂತ ಎಲ್ಲ ಮುಗಿಯಿತು. ಎಲ್ಲ ಶುಭಕಾರ್ಯಗಳಲ್ಲೂ ನನ್ನ ಹೆಬ್ಬೆರಳು ಮುಂದಿನ ಸಾಲಿನಲ್ಲಿ ಕೂತು ನಡೆಸಿಕೊಟ್ಟಿತ್ತು. ಕೊನೆಗೆ ಒಂದೇ ಒಂದು ಫೋಟೋ ಗೆರೆಗೆರೆಯೂ ಎಣಿಸುವಷ್ಟು ನಿಚ್ಚಳವಾಗಿ ಸಿಕ್ಕಿತು. ಅದರಲ್ಲಿ ಹೆಬ್ಬೆರಳು ಬಿಟ್ಟರೆ ಬೇರೇನೂ ಇರಲಿಲ್ಲ.

ನೀರು ತಂದ ಹೆಂಡತಿ ಬಗ್ಗಿ ನೋಡಿ ಹೇಳಿದಳು: "ಅದನ್ನ ತೆಗೀಬ್ಯಾಡ್ರಿ. ರೇಷನ್ ಅಂಗಡಿಯಾಗ ಬೆರಳು ತಗೊಳ್ಳಿಲ್ಲ ಅಂದ್ರ ತೋರ್ಸಾಕ ಬೇಕಾಗತೈತಿ."

ತೆಗೆದರೆ ಒಂದು, ಹಾಕಿದರೆ ಇನ್ನೊಂದು

ನೋಡಲಾಗದ್ದನ್ನು ಅಳಿಸಿಬಿಡುವುದು ಸುಲಭ ಎಂದುಕೊಂಡೆ. ಒಂದು ಹಳೆಯ ಮದುವೆಯ ಗುಂಪು ಫೋಟೋ ಅಳಿಸಿದೆ. ಅದರಲ್ಲಿ ಇದ್ದವರು ಮನುಷ್ಯರು ಎಂಬುದಷ್ಟೇ ಗೊತ್ತಾಗುತ್ತಿತ್ತು. ಮಧ್ಯಾಹ್ನಕ್ಕೆಲ್ಲ ದೇವನಕೊಂಡದಿಂದ ಹೆಂಡತಿಯ ತಮ್ಮನ ಫೋನು ಬಂತು.

"ಏಂ ಬಾವಾ, ನನ್ನ ಫೋಟೋ ತೆಗದೀರಂತ."

"ಅದರಾಗ ನಿನ್ನ ಮುಖಾನ ಕಾಣತಿದ್ದಿಲ್ಲಪ್ಪ."

"ಮುಖ ಕಾಣಲಿಕ್ಕಿಲ್ಲ ಬಾವಾ, ಸಂಬಂಧ ಕಾಣತಿತ್ತು. ಪರವಾಲೇದು. ನೀವು ದೊಡ್ಡೋರು. ನಾವು ಬ್ಯಾಡಾದ್ವಿ. ಪರವಾಲೇದು."

ನಮ್ಮ ಕಡೆ ಒಬ್ಬ ಬಾವಮೈದುನ ಮೂರು ಸಲ ಪರವಾಗಿಲ್ಲ ಎಂದರೆ ಮುಂದಿನ ಹಬ್ಬಕ್ಕೆ ಅವನ ಅಕ್ಕ ನಮಗೆ ಹೋಳಿಗೆ ಬಡಿಸುವುದಿಲ್ಲ. ಅವನು ಮೂರನೆಯದು ಹೇಳುವ ಮೊದಲೇ ನಾನು ಫೋಟೋವನ್ನು ಮತ್ತೆ ಹಾಕುವುದಾಗಿ ಮಾತು ಕೊಟ್ಟೆ.

ಹಾಕಿದ್ದೂ ಹಾಕಿದೆ. ಆದರೆ ಅದು ಇವತ್ತಿನ ಫೋಟೋ ಎಂದು ಎಲ್ಲರಿಗೂ ಹೋಯಿತು. ಸಂಜೆಯೊಳಗೆ ಊರೂರಿನ ಬಂಧುಗಳು ಆ ಗಂಡು ಹೆಣ್ಣಿಗೆ ನೂರು ವರ್ಷ ಚೆನ್ನಾಗಿ ಬಾಳಿ ಎಂದು ಹರಸಿದರು. ಬೇಗ ಸಿಹಿಸುದ್ದಿ ಕೊಡಿ ಎಂದೂ ಒಬ್ಬರು ಬರೆದರು. ಆ ಗಂಡ ಹೆಂಡತಿ ಬೇರೆಯಾಗಿ ವರ್ಷಗಳೇ ಆಗಿದ್ದು, ಈಗ ಏನಿದ್ದರೂ ವಕೀಲರ ಮೂಲಕ ಮಾತಾಡುತ್ತಾರೆ. ಮರುದಿನ ಆ ಗಂಡನ ವಕೀಲರು ನನಗೆ ಫೋನು ಮಾಡಿದರು. ಬೈಯುವುದಕ್ಕಲ್ಲ. ಫೋಟೋದಲ್ಲಿ ತಾವೂ ಇದ್ದಾರೆಯೇ ಎಂದು ಕೇಳುವುದಕ್ಕೆ. ಮದುವೆಗೆ ಅವರೂ ಊಟಕ್ಕೆ ಹೋಗಿದ್ದರಂತೆ.

ಚಿಕ್ಕಪ್ಪನ ಹಲ್ಲು

ಅಳಿಸುವುದು ಬೇಡ, ಸುಧಾರಿಸೋಣ ಎಂದು ಮೊಬೈಲ್ ಅಂಗಡಿಯವನ ಹತ್ತಿರ ಹೋದೆ. ಅವನು ಒಂದು ಆ್ಯಪ್ ಹಾಕಿಕೊಟ್ಟ. "ಎಂಥಾ ಮಸಕು ಇದ್ರೂ ಕ್ಲಿಯರ್ ಮಾಡತೈತಿ ಅಣ್ಣಾ. ಇಲ್ಲದ್ದನ್ನೂ ತಂದು ಕೊಡತೈತಿ" ಎಂದ. ಎರಡನೆಯ ವಾಕ್ಯ ಎಚ್ಚರಿಕೆ ಎಂದು ನನಗೆ ಹೊಳೆಯಲಿಲ್ಲ.

ಮೊದಲ ಪ್ರಯೋಗ ಸಿ. ಬೆಳಗಲ್‌ನ ನಮ್ಮ ಚಿಕ್ಕಪ್ಪನ ಮೇಲೆ. ಚಿಕ್ಕಪ್ಪನ ಬಾಯಲ್ಲಿ ಹಲ್ಲಿಲ್ಲದೆ ಬಹಳ ಕಾಲವಾಯಿತು. ಫೋಟೋದಲ್ಲಿ ಬಾಯಿ ತುಂಬ ನಗುತ್ತಿದ್ದ. ಬಾಯಿ ಖಾಲಿಯಿದ್ದದ್ದು ಆ್ಯಪ್‌ಗೆ ಹಿಡಿಸಲಿಲ್ಲವೆಂದು ಕಾಣುತ್ತದೆ. ಮೇಲೆ ಕೆಳಗೆ ಎರಡು ಸಾಲು ಬಿಳಿ ಹಲ್ಲು ಜೋಡಿಸಿಕೊಟ್ಟಿತು. ನಾನು ಹಾಕಿದೆ.

ಮರುದಿನವೇ ಚಿಕ್ಕಪ್ಪ ಬಸ್ಸು ಹತ್ತಿ ಆದೋನಿಗೆ ಬಂದ. ಬೈಯಲು ಬಂದಿದ್ದಾನೆ ಎಂದು ನಾನು ಅಂಗಡಿಯ ಹಿಂದಿನ ಬಾಗಿಲು ನೋಡಿಕೊಂಡೆ. ಅವನು ನನ್ನನ್ನು ನೇರವಾಗಿ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಫೋಟೋ ತೋರಿಸಿದ.

"ಡಾಕ್ಟ್ರ, ಇವ ಬೇಕು."

"ಅಜ್ಜಾ, ಇವು ನಿಮ್ಮ ವಯಸ್ಸಿಗೆ ಒಪ್ಪಂಗಿಲ್ಲ."

"ಯಾಕ ಒಪ್ಪಂಗಿಲ್ಲ? ಫೋಟೋದಾಗ ಒಪ್ಪ್ಯಾವಲ್ಲ."

ಡಾಕ್ಟರು ಬಾಯಿ ಅಳತೆ ತೆಗೆದುಕೊಳ್ಳಲು ಬಂದರೆ ಚಿಕ್ಕಪ್ಪ ಬಾಯಿ ತೆರೆಯಲೇ ಇಲ್ಲ. ಅಳತೆಗೆ ಕೂಡ ಫೋಟೋವನ್ನೇ ತೋರಿಸಿದ. ಕೊನೆಗೆ ಹಲ್ಲು ಕಟ್ಟಿಸದೆಯೇ ವಾಪಸು ಹೋದ. ಆದರೆ ದುಃಖವೇನೂ ಇಲ್ಲ. ಈಗ ಯಾರಾದರೂ ಮಾತಾಡಿಸಿದರೆ ತುಟಿ ಬಿಗಿದುಕೊಂಡು ಫೋನು ತೆಗೆದು ನಗು ತೋರಿಸುತ್ತಾನೆ.

ಕೊಡದ ನೆಗ್ಗು

ಚಿಕ್ಕಪ್ಪನ ಮೆಚ್ಚುಗೆಯಿಂದ ಉಬ್ಬಿ, ಇದೇ ಊರಲ್ಲಿರುವ ನಮ್ಮ ಅಕ್ಕನ ಮನೆಯ ಒಂದು ಆರತಿಯ ಫೋಟೋ ತೆಗೆದುಕೊಂಡೆ. ಅಕ್ಕನ ಮುಖ ತಿಳಿಯಾಯಿತು. ಜೊತೆಗೆ ಹಿಂದಿನ ಅಡುಗೆಮನೆಯೂ ತಿಳಿಯಾಯಿತು. ಅಲ್ಲಿ ಒಂದು ಸ್ಟೀಲಿನ ಕೊಡ ಇತ್ತು.

ಹೆಂಡತಿ ನೋಡಿದಳು. "ಈ ಕೊಡ ನಮ್ಮದು" ಎಂದಳು.

"ಊರಾಗಿನ ಕೊಡ ಎಲ್ಲಾ ಹಿಂಗ ಇರ್ತಾವ."

"ಹೊಟ್ಟಿ ಮ್ಯಾಲಿನ ನೆಗ್ಗು ನೋಡ್ರಿ. ನೀವ ಕೆಡವಿದ್ದು. ನಮ್ಮವ್ವ ಮದುವ್ಯಾಗ ಕೊಟ್ಟ ಕೊಡ. ಕಳದೈತಿ ಅಂತ ನಾ ಕೆಲಸದಾಕಿನ್ನ ಬಿಡಿಸಿದ್ನಿ."

ಮುಖದ ಮೇಲೆ ಅನುಮಾನವೇ ಇಲ್ಲದ ಹೆಂಡತಿಯ ಜೊತೆ ವಾದ ಮಾಡುವಷ್ಟು ಧೈರ್ಯ ನನಗಿಲ್ಲ. ಫೋನು ಹಿಡಿದುಕೊಂಡು ಅಕ್ಕನ ಮನೆಗೆ ಹೋದೆವು. ಅಕ್ಕ ಫೋಟೋ ನೋಡಿದಳು, ಕಣ್ಣು ಕೂಡ ಮಿಟುಕಿಸಲಿಲ್ಲ.

"ನಮ್ಮ ಕೊಡಕ್ಕ ನೆಗ್ಗ ಇಲ್ಲ."

"ಒಮ್ಮಿ ಇಳಿಸಿ ತೋರ್ಸಕ್ಕ, ಮುಗೀತು" ಎಂದೆ.

"ಅಟ್ಟದ ಮ್ಯಾಲ ಐತಿ, ಅಮಾಸಿ ದಿನ ಇಳಸಂಗಿಲ್ಲ."

"ಮತ್ತ ಫೋಟೋದಾಗ ಕಾಣತೈತಲ್ಲ ನೆಗ್ಗು?"

ಅಕ್ಕ ನನ್ನನ್ನು ಕರುಣೆಯಿಂದ ನೋಡಿದಳು. "ತಮ್ಮಾ, ನಿನ್ನ ಆ್ಯಪ್ ಚಿಕ್ಕಪ್ಪಗ ಎರಡು ಸಾಲು ಹಲ್ಲ ಕೊಟ್ಟೈತಿ. ನನ್ನ ಕೊಡಕ್ಕ ಒಂದು ನೆಗ್ಗು ಕೊಡಾಕ ಅದಕ್ಕೇನು ಕಷ್ಟ?"

ನನ್ನ ಹೆಂಡತಿ ವಾದದಲ್ಲಿ ಸೋತು ವಾಪಸು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಪರಾಮರ್ಶೆ

ಇಷ್ಟಕ್ಕೆ ಬುದ್ಧಿ ಬರಬೇಕಿತ್ತು. ಆದರೆ ಪುಟ ತೆರೆದ ಕೂಡಲೇ ಕಾಣುವ ಫೋಟೋ ಒಂದು ಉಳಿದಿತ್ತು. ನಾನು ಹೆಂಡತಿ ಪಕ್ಕಪಕ್ಕ ನಿಂತದ್ದು, ಇಬ್ಬರ ಮುಖಕ್ಕೂ ಎಣ್ಣೆ ಸುರಿದ ಹಾಗೆ. ಅಜ್ಜಿ ಮೊದಲು ನೋಡುವುದೇ ಅದನ್ನು. ಆ್ಯಪ್ ಒಂದು ಸಲಕ್ಕೆ ಒಂದೇ ಮುಖ ತೊಳೆಯುತ್ತದೆ. ಅದಕ್ಕೆ ಫೋಟೋವನ್ನು ಕತ್ತರಿಸಿ ಇಬ್ಬರನ್ನೂ ಬೇರೆ ಮಾಡಿದೆ.

ಹೆಂಡತಿಯ ಮುಖದ ಮೇಲೆ ಕಲೆ ತೆಗೆಯುವ ಗುಂಡಿ ಒತ್ತಿದೆ. ಹಣೆಯ ಕುಂಕುಮ ಒಂದು ಕಲೆ ಎಂದು ಆ್ಯಪ್ ತೀರ್ಮಾನಿಸಿತು. ಕೊರಳ ಕರಿಮಣಿಯನ್ನೂ ಕೊಳೆ ಎಂದು ಒರೆಸಿಹಾಕಿತು. ನನ್ನ ಕನ್ನಡಕ ಅಂಗಡಿಯಲ್ಲಿತ್ತು. ನನಗೆ ಕಂಡದ್ದು ಮುಖ ನುಣ್ಣಗಾಗಿದೆ ಎಂಬುದಷ್ಟೇ. ಆಮೇಲೆ ನನ್ನ ಮುಖ. ಅದನ್ನು ತೊಳೆದ ಮೇಲೆ ಆ್ಯಪ್ ಪುಕ್ಕಟೆಯಾಗಿ ಚೌಕಟ್ಟು ಬೇಕೇ ಎಂದು ಕೇಳಿತು. ಪುಕ್ಕಟೆ ಎಂದರೆ ಬೇಡ ಎಂದವರು ನಮ್ಮ ವಂಶದಲ್ಲಿಲ್ಲ. ಸುತ್ತಲೂ ಚೆಂಡುಹೂವಿನ ಹಾರ ಇರುವುದನ್ನು ಆರಿಸಿದೆ. ಎರಡನ್ನೂ ಜೋಡಿಸಿ, ಕೆಳಗೆ ಕೈಮುಗಿದ ಚಿತ್ರ ಇಟ್ಟು ಹಾಕಿದೆ. ಕರೆಂಟ್ ಬಿಲ್ಲಿನ ಫೋಟೋ ಹಾಕುವಾಗಲೂ ನಾನು ಕೈಮುಗಿಯುತ್ತೇನೆ, ಅದು ನನ್ನ ಸಂಸ್ಕಾರ.

ಸಂಜೆಯಿಂದ ಮಾತುಗಳು ಬಂದವು. "ನಂಬಲಾಗುತ್ತಿಲ್ಲ" ಎಂದು ಒಬ್ಬರು. ಅಷ್ಟು ಚೆನ್ನಾಗಿ ತೊಳೆದಿದ್ದೇನೆ ಎಂದುಕೊಂಡೆ. "ಓಂ ಶಾಂತಿ" ಎಂದು ಕೆಲವರು. ಭಕ್ತಿವಂತರು ಎಂದುಕೊಂಡೆ. "ಇಷ್ಟು ಬೇಗ?" ಎಂದು ಇನ್ನೊಬ್ಬರು. ನನ್ನ ಕೈಚಳಕ ಅಂಥದು ಎಂದುಕೊಂಡೆ. ಎಲ್ಲರಿಗೂ ಒಬ್ಬೊಬ್ಬರಾಗಿ ಧನ್ಯವಾದ ಹೇಳಿದೆ.

ಸಾವಿನ ಸುದ್ದಿ ಕೇಳಿದವರು ಫೋನು ಮಾಡಿ ನಿಜವೇ ಎಂದು ಮನೆಯವರನ್ನು ಕೇಳುವುದಿಲ್ಲ. ಅದು ಮರ್ಯಾದೆಯಲ್ಲ. ನೇರ ಪರಾಮರ್ಶೆಗೆ, ಅಂದರೆ ದುಃಖ ಹಂಚಿಕೊಳ್ಳಲು, ಮನೆಗೇ ಬರುತ್ತಾರೆ. ಮರುದಿನ ಬೆಳಿಗ್ಗೆ ನಾನು ಮನೆಯ ಕಟ್ಟೆಯ ಮೇಲೆ ಕೂತು ಮಂಡಕ್ಕಿಯ ಉಗ್ಗಾನಿ, ಬಜ್ಜಿ ತಿನ್ನುತ್ತಿದ್ದೆ. ಓಣಿಯ ತುದಿಯಲ್ಲಿ ಆಟೋ ನಿಂತಿತು. ಹುಡುಗನ ಅಪ್ಪ ಇಳಿದ. ಅವನ ಹಿಂದೆ ಅಜ್ಜಿ ಇಳಿದು, ಅಲ್ಲಿಂದಲೇ ಸೆರಗು ಬಾಯಿಗೆ ಹಿಡಿದು ರಾಗ ತೆಗೆದು ಹಾಡಿಕೊಂಡು ಅಳುತ್ತಾ ಬಂದಳು.

"ಬಂಗಾರದಂಥಾ ಮನಿ ಬಿಟ್ಟು ಎಲ್ಲಿಗೆ ಹೋದೆಪ್ಪೋ. ಬಡವ್ರಿಗೆ ಗೇಣು ಅರಿವಿ ಜಾಸ್ತಿ ಹರದು ಕೊಡತಿದ್ದೆಪ್ಪೋ. ಒಬ್ಬರಿಗೂ ಒಂದು ಮಾತು ಅಂದಾಂವಲ್ಲಪ್ಪೋ."

ಯಾರೋ ದೊಡ್ಡ ಮನುಷ್ಯ ಹೋಗಿರಬೇಕು, ನಮ್ಮದೇ ವ್ಯಾಪಾರದವನು ಎಂದು ನಾನೂ ಲೊಚಗುಟ್ಟಿದೆ. ಆದರೆ ಗೇಣು ಬಟ್ಟೆ ಜಾಸ್ತಿ ಕೊಡುವ ಅಂಗಡಿ ಆದೋನಿಯಲ್ಲಿ ಯಾವುದು ಎಂದು ತಿಳಿಯಲಿಲ್ಲ. ನನ್ನ ಅಂಗಡಿಯಂತೂ ಅಲ್ಲ. ಅಜ್ಜಿ ನಮ್ಮ ಕಟ್ಟೆಯ ಮುಂದೆಯೇ ನಿಂತಳು. ಕಣ್ಣು ಒರೆಸಿಕೊಂಡು ನನ್ನನ್ನು ಕೇಳಿದಳು.

"ನೀವು ತೀರಿಕೊಂಡವ್ರಿಗೆ ಏನಾಗಬೇಕ್ರಿ?"

"ಯಾರು ತೀರಿಕೊಂಡ್ರು?"

"ಈ ಮನಿ ಯಜಮಾನ್ರು."

ಬಾಯಲ್ಲಿ ಬಜ್ಜಿ ಇತ್ತು. ನುಂಗಿದೆ. "ನಾನ ರೀ ಅವ್ನು" ಎಂದೆ.

ಅಷ್ಟರಲ್ಲಿ ಹೆಂಡತಿ ಅಳು ಕೇಳಿ ಹೊರಗೆ ಬಂದಳು. ಹಣೆಯಲ್ಲಿ ರೂಪಾಯಿಯಗಲ ಕುಂಕುಮ. ಅಜ್ಜಿ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ಉಗ್ಗಾನಿಯ ತಟ್ಟೆ ನೋಡಿದಳು. ಹುಡುಗನ ಅಪ್ಪ ಫೋನು ತೆಗೆದು, ಯಾರಿಗೂ ಗುರುತು ಸಿಗದಷ್ಟು ನುಣ್ಣಗಾಗಿದ್ದ ನನ್ನ ಫೋಟೋ ಮುಂದೆ ಹಿಡಿದ. ಕನ್ನಡಕವಿಲ್ಲದೆಯೂ ಆಗ ನನಗೆ ಎಲ್ಲ ಕಂಡಿತು.

ಹೆಂಡತಿ ಫೋನು ಇಸಿದುಕೊಂಡು ನೋಡಿದಳು. "ಬದುಕಿದ್ದಾಗ ನನ್ನ ತಾಳಿ ತೆಗದ ಗಂಡ ಇವ್ರೊಬ್ಬರ" ಎಂದಷ್ಟೇ ಹೇಳಿದಳು. ಉಳಿದದ್ದನ್ನು ನನಗಾಗಿ ಕಾದಿಟ್ಟಳು.

ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ತುಂಬಿತ್ತು. ಅದನ್ನು ನೋಡಿ ನನಗೆ ನಿಜವಾಗಿಯೂ ಸತ್ತಿದ್ದರೇ ಚೆನ್ನಾಗಿತ್ತು ಅನ್ನಿಸಿತು. ನಾನು ಅಜ್ಜಿಗೆ ಆ್ಯಪ್, ಕಲೆ, ಪುಕ್ಕಟೆ ಚೌಕಟ್ಟು ಎಲ್ಲ ತೊದಲಿದೆ. ಒಳಗೆ ಬನ್ನಿ, ಚಹಾ ಕುಡಿಯಿರಿ ಎಂದು ಬೇಡಿದೆ.

"ಇಲ್ರಿ" ಎಂದಳು ಅಜ್ಜಿ. "ಸಾವಿನ ಮನಿ ಅಂತ ಹೊಂಟು ಬಂದೀವಿ. ಹಂಗ ಬಂದ ಕಾಲಿಲೆ ನೀರು ಮುಟ್ಟಂಗಿಲ್ಲ, ಸಂಬಂಧದ ಮಾತು ಎತ್ತಂಗಿಲ್ಲ."

ಅವಳು ತಿರುಗಿ ಹೊರಟಳು. ಪರಾಮರ್ಶೆಗೆ ಬಂದವರು ಹೋಗುವಾಗ ಬರ್ತೀವಿ ಎನ್ನುವುದಿಲ್ಲ. ಆ ಮಾತು ಅಂಥ ಮನೆಗೆ ಇನ್ನೊಂದು ಸಾವನ್ನು ಕರೆದ ಹಾಗೆ. ಅಜ್ಜಿಯೂ ಅನ್ನಲಿಲ್ಲ. ಸಂಪ್ರದಾಯಕ್ಕೆ ಅನ್ನಲಿಲ್ಲವೋ ಸಂಬಂಧವೇ ಬೇಡವಾಗಿ ಅನ್ನಲಿಲ್ಲವೋ ತಿಳಿಯದೆ ನಾವು ಮೂವರೂ ಬಾಯಿ ಬಿಟ್ಟುಕೊಂಡು ನಿಂತೆವು. ಅವಳು ಓಣಿ ದಾಟಿದಳು. ಆಟೋ ಹತ್ತಿದಳು. ಆಟೋ ಹೊರಟಿತು. ಮಗಳು ಒಳಗೆ ತಿರುಗಿದಳು.

ಸ್ವಲ್ಪ ದೂರ ಹೋದ ಆಟೋ ಹಾಗೇ ಹಿಂದಕ್ಕೆ ಬಂದು ನಮ್ಮ ಓಣಿಯ ತುದಿಯಲ್ಲಿ ನಿಂತಿತು. ಅಜ್ಜಿ ತಲೆ ಹೊರಗೆ ಹಾಕಿದಳು.

"ತಂಗೀ," ಎಂದು ಮಗಳನ್ನು ಕೂಗಿದಳು, "ಬರ್ತೀವವ್ವ."

ಮಗಳ ಮುಖ ಅರಳಿತು. ಹೆಂಡತಿ ಎರಡೂ ಕೈ ಮುಗಿದಳು. ನಾನೂ ಮುಗಿದೆ. ಅಜ್ಜಿ ನನ್ನ ಕಡೆ ಬೆರಳು ಮಾಡಿ ಇಡೀ ಓಣಿಗೆ ಕೇಳುವ ಹಾಗೆ ಹೇಳಿದಳು:

"ಯಜಮಾನ್ರ, ನಾವು ಬರೋತನ ಜೀವಂತ ಇರ್ರಿ. ನಿಮ್ಮ ಗುಣ ಇಷ್ಟು ಹಾಡಾಕ ಇನ್ನೊಂದು ಸಲ ನನ್ನ ಕೈಲಿ ಆಗಂಗಿಲ್ಲ."