ಗೆರೆ ಅಳಿಸುವ ಮೊಮ್ಮಗಳು, ಡಬ್ಬಿ ಕಳಿಸದ ಹಾಜರಾ

ಓದಿದವರ ಕೆಲಸ ನನಗೆ ತಿಳಿಯುವುದಿಲ್ಲ. ಅಕ್ಷರ ಕೂಡಿಸಿ ಬಸ್ಸಿನ ಬೋರ್ಡು ಓದುವಷ್ಟರಲ್ಲಿ ಬಸ್ಸೇ ಹೋಗಿರುತ್ತದೆ. ಜಲನಗರದ ನಮ್ಮ ಮನೆಯಲ್ಲಿ ಮೊಮ್ಮಗಳು ಸವಿತಾ ಪಿಎಚ್‌ಡಿ ಮಾಡುತ್ತಿದ್ದಾಳೆ. ದ್ರಾಕ್ಷಿ ರೋಗದ ವಿಜ್ಞಾನಿಗಳಲ್ಲಿ ಯಾರು ಯಾರಿಗೆ ಬರೆಯುತ್ತಾರೆ, ಯಾರೂ ಹೇಳದೆಯೇ ಹೇಗೆ ಗುಂಪು ಕಟ್ಟಿಕೊಳ್ಳುತ್ತಾರೆ ಎಂದು ಅಳೆಯುವುದು ಅವಳ ಕೆಲಸ. ದ್ರಾಕ್ಷಿಯನ್ನು ಮುಟ್ಟುವುದು ತಿನ್ನುವಾಗ ಮಾತ್ರ. ಕಂಪ್ಯೂಟರಿನ ತುಂಬ ಚುಕ್ಕಿ, ನಡುವೆ ಗೆರೆ. ರಂಗೋಲಿ ಎಂದುಕೊಂಡು, “ಗೆರಿ ಸೊಟ್ಟ ಆಗ್ಯಾವಲ್ಲ” ಎಂದೆ.

“ಚುಕ್ಕಿ ಅಂದ್ರ ಮಂದಿ, ಆಯಿ. ಪತ್ರಕ್ಕ ಉತ್ತರ ಬಂದ್ರ ಗೆರಿ ದಪ್ಪ ಆಗ್ತೈತಿ. ಬರಲಿಲ್ಲಂದ್ರ ಅಳಿಸಿಬಿಡ್ತೀನಿ.”

ಆ ದಿನ ನನಗೆ ರೊಟ್ಟಿ ಸೇರಲಿಲ್ಲ. ಕಾರಣ ಹಾಜರಾ. ನಾನು ಮದುವೆಯಾಗಿ ಬಂದಾಗಿನಿಂದ ಪಕ್ಕದ ಮನೆಯವಳು. ಅವಳ ಮಗ ಹೊಲ ನೋಡಿಕೊಳ್ಳಲು ಕಾಖಂಡಕಿ ಹಳ್ಳಿಗೆ ಹೋದಾಗ ಅವಳೂ ಹೋದಳು. ಸಂಕ್ರಾಂತಿಗೆ ನಾನು ಬಸ್ಸಿನಲ್ಲಿ ಶೇಂಗಾ ಹೋಳಿಗೆ ಕಳಿಸುವುದು, ರಮಜಾನಿಗೆ ಅವಳು ಅದೇ ಡಬ್ಬಿಯಲ್ಲಿ ಶಾವಿಗೆ ಪಾಯಸ, ಅವರ ಸುರಕುಂಬಾ, ತುಂಬಿ ಕಳಿಸುವುದು. ಚೆಲ್ಲಿ ಅರ್ಧ ಬಸ್ಸಿಗೆ, ಅರ್ಧ ನಮಗೆ. ಖಾಲಿ ಡಬ್ಬಿ ಮರಳಿಸಬಾರದು; ಕಳಿಸಿದವರು ಡಬ್ಬಿ ಕೇಳಬಾರದು. ಈ ಸಲ ರಮಜಾನ್ ಮುಗಿದರೂ ಡಬ್ಬಿ ಬರಲಿಲ್ಲ. ಫೋನ್ ಮಾಡಿದರೆ ಕೇಳಿದಂತಾಗುತ್ತದೆಂದು ಸುಮ್ಮನಿದ್ದೆ. ಮನೆಯಲ್ಲಿ ಸೊಸೆ “ಅತ್ತಿ, ಊಟಾ ಮಾಡ್ರಿ” ಎನ್ನುತ್ತಾಳೆ, ಓಣಿಯವರೆಲ್ಲ ಮಾತಿಗೆ ‘ರಿ’ ಹಚ್ಚುತ್ತಾರೆ. ನನ್ನನ್ನು ‘ಲೇ’ ಎನ್ನಲು ಉಳಿದವಳು ಅವಳೊಬ್ಬಳೇ.

“ಹಾಜರಾನ ಡಬ್ಬಿ ಬರಲಿಲ್ಲ. ನನ್ನ ಗೆರಿನೂ ಅಳಿಸ್ತೀಯೇನು?” ಎಂದು ಸವಿತಾಳನ್ನು ಕೇಳಿದೆ.

“ಹೋಗಿ ನೋಡಿ ಬಾ ಬೇ. ನನ್ನ ವಿಜ್ಞಾನಿಗಳೂ ಹಿಂಗ. ಅವ ಬರೀಲಿ ಅಂತ ಇವ, ಇವ ಬರೀಲಿ ಅಂತ ಅವ!”

ಹೋದೆ. ಹಾಜರಾ ಕಟ್ಟೆಯ ಮೇಲೆ ಕೂತಿದ್ದಳು, ಬಲಗೈಗೆ ಪ್ಲಾಸ್ಟರು.

“ಲೇ ಮಾದೇವಿ! ಸತ್ತೀ ಅಂತ ತಿಳಿದಿದ್ನಲ್ಲ!”

“ನಿನ್ನ ಮಣ್ಣ ಮಾಡಿ ಸಾಯ್ತೀನಿ. ಕೈಗೇನಾತು?”

“ಜಾರಿ ಬಿದ್ನಿ. ಖಾಲಿ ಡಬ್ಬಿ ಹೆಂಗ ಕಳಸ್ಲಿ?”

“ಸೊಸಿ ಕಡಿಂದ ಮಾಡಿಸಬೇಕಿತ್ತು.”

“ಅಕಿ ಮಾಡಿದ್ದು ತಿಂದು ನೀ ಊರ ತುಂಬ ನನ್ನ ಹೆಸರು ಕೆಡಸ್ತಿದ್ದಿ!”

ಕಡೆಯ ಬಸ್ಸಿನವರೆಗೂ ಬೈದಾಡಿದೆವು. ಹೊರಟಾಗ ಅವಳು ಎಡಗೈಯಿಂದ ಡಬ್ಬಿಗೆ ಸಕ್ಕರೆ ಸುರಿಯತೊಡಗಿದಳು. ಕೈ ಹಿಡಿದೆ. “ಸಕ್ಕರಿ ಯಾರಿಗೆ ಬೇಕ? ಕೈ ನೆಟ್ಟಗಾದ ಮ್ಯಾಲ ಸುರಕುಂಬಾ ಮಾಡು. ನಾನಽ ಬಂದು ಒಯ್ತೀನಿ.”

“ಡಬ್ಬಿ ಎಲ್ಲೈತ್ರಿ ಅತ್ತಿ?” ಮನೆಯಲ್ಲಿ ಸೊಸೆ ಕೇಳಿದಳು. ಮರೆತೆ ಎಂದೆ. ಒಂದು ಚಮಚ ಕಾಣದಿದ್ದರೆ ಮನೆ ತಲೆಕೆಳಗು ಮಾಡುವ ನನ್ನನ್ನು ಅವಳು ನಂಬಿದಳು. ಇಂಥವಳಿಗೆ ನಾನು ಅಡುಗೆಮನೆ ಬಿಟ್ಟುಕೊಟ್ಟಿದ್ದೇನೆ!