ಡೈನೋಸಾರಿನ ಪುಕ್ಕ ಮತ್ತು ನಮ್ಮ ಸೋದರಮಾವ

ನಮ್ಮ ಸೋದರಮಾವನಿಗೆ ಬದುಕಿರುವವರ ಮೇಲೆ ಅಷ್ಟಾಗಿ ಆಸಕ್ತಿಯಿಲ್ಲ. ಸತ್ತು ಕೋಟ್ಯಂತರ ವರ್ಷವಾಗಿರಬೇಕು, ಮೈಯಲ್ಲಿ ಎಲುಬು ಬಿಟ್ಟು ಬೇರೇನೂ ಉಳಿದಿರಬಾರದು. ಅಂಥವರ ಯೋಗಕ್ಷೇಮ ಮಾತ್ರ ಅವನಿಗೆ ಬೇಕು! ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟವನಿಗೆ ಡೈನೋಸಾರಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನಾವೂ ಕೇಳಿ ಸೋತಿದ್ದೇವೆ. ಹಲಗೇರಿಯ ರೈತ ಹತ್ತಿಬೀಜಕ್ಕೆ ಬಂದರೆ, ಡೈನೋಸಾರ್ ಎಂದೂ ಬಾಲವನ್ನು ನೆಲಕ್ಕೆ ಎಳೆಯುತ್ತಿರಲಿಲ್ಲ ಎಂಬ ತಿಳಿವಳಿಕೆಯನ್ನೂ ಬೀಜದ ಜೊತೆ ಹೊತ್ತುಕೊಂಡು ಹೋಗಬೇಕಾಗುತ್ತಿತ್ತು.

ಅವನ ದೊಡ್ಡ ದುಃಖವೆಂದರೆ ನಮ್ಮ ಜಿಲ್ಲೆಯಲ್ಲಿ ಆ ಎಲುಬು ಸಿಗುವುದಿಲ್ಲ. “ಐರಣಿ ಕಡೆ ಹೊಳಿ ದಂಡಿಗೆಲ್ಲಾ ತಿರಗೇನೋ ತಮ್ಮಾ. ನಮ್ಮ ಕಲ್ಲು ಬಾಳ ಹಳೇವು. ಡೈನೋಸಾರ್ ಹುಟ್ಟೂಕಿಂತ ಮುಂಚಿನವು,” ಎಂದು, ಆಸ್ತಿಯಲ್ಲಿ ಪಾಲು ತಪ್ಪಿದವನಂತೆ ನಿಟ್ಟುಸಿರು ಬಿಡುತ್ತಿದ್ದ.

ಎಲುಬು ಇಲ್ಲದಿದ್ದರೇನು, ಕೋಳಿ ಇದೆಯಲ್ಲ! ಹಕ್ಕಿಗಳು ಡೈನೋಸಾರಿನ ವಂಶದವು ಎಂದು ಎಲ್ಲೋ ಓದಿದ್ದೇ ತಡ, ಮಾವ ಕೋಳಿಗಳ ಬೆನ್ನು ಹತ್ತಿದ. ಬ್ಯಾಡಗಿಯಲ್ಲಿ ಅತ್ತೆಯ ತವರುಮನೆ. ಅಲ್ಲಿ ಅವಳ ತಂಗಿಯನ್ನು ನೋಡಲು ಅಗಡಿಯಿಂದ ಬೀಗರು ಬಂದಾಗ ನಮ್ಮ ಮಾವ ಎಲ್ಲಿದ್ದ ಅಂತೀರಿ? ಮೆಣಸಿನಕಾಯಿ ಒಣಹಾಕಿದ ಅಂಗಳದಲ್ಲಿ, ಧೋತರ ಎತ್ತಿ ಕಟ್ಟಿ, ಪಕ್ಕದ ಮನೆಯ ಹುಂಜದ ಹಿಂದೆ ಕತ್ತು ಹಿಂದೆಮುಂದೆ ಮಾಡುತ್ತ ಹೆಜ್ಜೆ ಹಾಕುತ್ತಿದ್ದ! ಬಂದವರಲ್ಲಿ ಹಿರಿಯರೊಬ್ಬರು ಚಹಾ ಕುಡಿದು ಮೆಲ್ಲಗೆ, “ಹುಡುಗಿ ಚೊಲೋ ಅದಾಳ್ರಿ. ಆದ್ರ ನಿಮ್ಮ ಅಳಿಯಾರನ್ನ ಒಮ್ಮೆ ಧಾರವಾಡಕ್ಕ ಕರಕೊಂಡು ಹೋಗಿ ಬರ್ರಿ,” ಎಂದರು. ಧಾರವಾಡದ ಯಾವ ಆಸ್ಪತ್ರೆಗೆ ಎಂದು ನಮ್ಮ ಕಡೆ ಯಾರೂ ಬಿಡಿಸಿ ಹೇಳುವುದಿಲ್ಲ.

ಇಂಥವನಿಗೆ ಮನೆಯ ಕಡೆ ಲಕ್ಷ್ಯ ಎಲ್ಲಿಂದ ಬರಬೇಕು? ಒಮ್ಮೆ ಅತ್ತೆ ಅಡುಗೆಮನೆಯಿಂದಲೇ ಪರೀಕ್ಷೆ ಮಾಡಿದಳು: “ಇವತ್ತ ನಾ ಯಾವ ಬಣ್ಣದ ಸೀರಿ ಉಟ್ಟೇನಿ? ನೋಡಲಾರದ ಹೇಳ್ರಿ!”

ಮಾವ ಬಹಳ ಯೋಚಿಸಿ, “ಸೀರಿ ಬಣ್ಣದ್ದು,” ಎಂದ.

ಎರಡು ಸಾವಿರದ ಇಸವಿಯ ಈಚೆಗಿನ ಮಾತು. ಸಿನೆಮಾ, ಟೀವಿಗಳಿಂದ ಡೈನೋಸಾರ್ ಮನೆಮಾತಾಗಿತ್ತು. ಓಣಿಯ ಗಣಪತಿ ಮಂಡಳಿಯವರು ಆ ವರ್ಷ ಪೆಂಡಾಲಿಗೊಂದು ಡೈನೋಸಾರ್ ಮಾಡಿಕೊಡಿ ಎಂದು ಮಾವನನ್ನೇ ಕೇಳಿದರು. ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ! “ಸಾಯೂದ್ರಾಗ ಒಂದಾರ ಖರೇ ಡೈನೋಸಾರ್ ನಮ್ಮೂರಾಗ ನಿಂದರಬೇಕು ನೋಡು,” ಎಂದು ನನಗೆ ಹಾವೇರಿಗೆ ಫೋನ್ ಮಾಡಿ ಹೇಳಿದ. ಬಿದಿರು, ಗೋಣಿತಟ್ಟು, ಮಣ್ಣು ಸೇರಿ ಪಡಸಾಲೆಯಲ್ಲಿ ಪ್ರಾಣಿ ಎದ್ದು ನಿಂತಿತು. ಬಾಲ ನೆಟ್ಟಗೆ, ಮೈ ನಾಯಿಯಷ್ಟು. ಯಾಕೆಂದರೆ ಮಾವ ಆರಿಸಿಕೊಂಡ ಜಾತಿಯದು ಇದ್ದದ್ದೇ ಅಷ್ಟು!

ಮಂಡಳಿಯ ಅಧ್ಯಕ್ಷ ಬಂದು ಸುತ್ತಲೂ ನೋಡಿದ. “ಕಾಕಾರ, ಮರಿ ಚೊಲೋ ಆಗೇತ್ರಿ. ಅದರವ್ವ ಎಲ್ಲೈತಿ?”

ಅದಕ್ಕೆ ಪುಕ್ಕ ಬೇರೆ ಇದ್ದವು ಎಂದು ಮಾವ ಹೇಳಿದಾಗ ಆತ ಕೈ ಮುಗಿದ. “ಜನಾ ನಗತಾರ್ರಿ. ಹಸರ ಪೇಂಟ್ ಹೊಡದ ಬಿಡ್ರಿ.”

“ಹಸರ ಇತ್ತು ಅನ್ನಾಕ ಸಾಕ್ಷಿ ಏನೈತಿ?”

ಮಾವನ ಇಡೀ ಶಾಸ್ತ್ರ ಇಷ್ಟೇ: ಸಾಕ್ಷಿ ಇಲ್ಲದ್ದನ್ನು ಮೈಮೇಲೆ ಹಾಕಬಾರದು, ಇದ್ದದ್ದನ್ನು ಬಿಡಬಾರದು. ಆದ್ದರಿಂದ ಮರುದಿನ ಕೋಳಿ ಅಂಗಡಿಯಿಂದ ಒಂದು ಚೀಲ ಪುಕ್ಕ ತಂದ. ತತ್ತಿಯನ್ನೂ ಒಳಗೆ ಬಿಡದ ಲಿಂಗಪೂಜೆಯ ಮನೆ! ಅತ್ತೆ ಹೊಸ್ತಿಲ ಮೇಲೆ ಅಡ್ಡ ನಿಂತಳು. “ಒಳಗ ಆ ಚೀಲರ ಬರಬೇಕು, ಇಲ್ಲಾ ನಾನರ ಇರಬೇಕು. ಗಣಪ್ಪನ ಮುಂದ ಕೋಳಿ ಪುಕ್ಕ ನಿಂದರಸ್ತಾರೇನ್ರಿ?” ಅಧ್ಯಕ್ಷನೂ ಅದನ್ನೇ ಅಂದ.

ಪುಕ್ಕವಿದ್ದರೆ ದೇವರ ಮುಂದೆ ನಿಲ್ಲುವಂತಿಲ್ಲ, ಇಲ್ಲದಿದ್ದರೆ ಅದು ಖರೇ ಡೈನೋಸಾರ್ ಅಲ್ಲ. ಮಾವ ಚೀಲವನ್ನು ಮರಳಿ ಕೊಟ್ಟು ಬಂದು, “ಹಸರ ಹೊಡೀರಿ. ಬಾಲಾನೂ ನೆಲಕ್ಕ ಹಚ್ಚರಿ,” ಎಂದು ಅಧ್ಯಕ್ಷನಿಗೆ ಹೇಳಿಬಿಟ್ಟ. ಹಬ್ಬಕ್ಕೆಂದು ನಾನು ಹೋದಾಗ ಅವನು ಅಂಗಡಿಯಲ್ಲಿ ಸುಮ್ಮನೆ ಕೂತಿದ್ದ. ಗಿರಾಕಿಗಳಿಗೆ ಬರೀ ಬೀಜ ಕೊಟ್ಟು ಕಳಿಸುತ್ತಿದ್ದ!

ಮಧ್ಯಾಹ್ನ ಊಟಕ್ಕೆ ಅವನನ್ನು ಎಬ್ಬಿಸಿಕೊಂಡು ಮನೆಗೆ ಹೋದೆ. ಪಡಸಾಲೆಯಲ್ಲಿ ಅತ್ತೆ ಟ್ರಂಕು ತೆರೆದಿಟ್ಟುಕೊಂಡು, ಕೌದಿ ಹೊಲಿಯುವ ಸೂಜಿ ಹಿಡಿದು, ಇನ್ನೂ ಪೇಂಟ್ ಕಾಣದ ಡೈನೋಸಾರಿನ ಪಕ್ಕ ಕೂತಿದ್ದಳು. ಹಳೆಯ ಸೀರೆಗಳನ್ನೆಲ್ಲ ಪುಕ್ಕದ ಆಕಾರಕ್ಕೆ ಕತ್ತರಿಸಿ ಸಾಲುಸಾಲಾಗಿ ಗೋಣಿತಟ್ಟಿಗೆ ಹೊಲಿದಿದ್ದಳು. ಕೆಂಪು, ನೀಲಿ, ಹಳದಿ, ಏನು ಬೇಕು ಅದು!

ಮಾವನ ಬಾಯಿಗೆ ರೂಢಿಯ ಮಾತೇ ಬಂತು. “ಈ ಬಣ್ಣಕ್ಕ ಸಾಕ್ಷಿ ಏನೈತಿ?”

ಅತ್ತೆ ತಲೆ ಎತ್ತಲಿಲ್ಲ. “ಇರಲಿಲ್ಲ ಅನ್ನಾಕರ ಏನೈತ್ರಿ?”

ಮಾವ ಕೆಳಗೆ ಕೂತು ಒಂದೊಂದೇ ಪುಕ್ಕ ಮುಟ್ಟುತ್ತ ಬಂದ. ಕೊರಳಿನ ಹತ್ತಿರದ ಕಡುಗೆಂಪು ತುಂಡಿಗೆ ಬಂದಾಗ ಕೈ ನಿಂತಿತು.

“ಇದು ಮದಿವಿ ಸೀರಿ ಅಲ್ಲಾ? ಅಕ್ಕಿಕಾಳು ಬೀಳೂ ಮುಂದ ಉಟ್ಟಿದ್ದು?”

ಅತ್ತೆಯ ಸೂಜಿಯೂ ನಿಂತಿತು. “ನಿಮಗ ನೆನಪೈತೇನ್ರಿ?”

“ನನ್ನ ಕೈಯಾಗಿನ ಅರಿಷಿಣ ಸೆರಗಿಗೆ ಹತ್ತಿತ್ತು. ನೀ ಸಿಟ್ಟಿಲೆ ನೋಡಿದ್ದಿ,” ಎಂದು ಮಾವ ತುಂಡನ್ನು ಮಗುಚಿ ಹಳದಿ ಕಲೆಯನ್ನು ತೋರಿಸಿದ. “ಇಲ್ಲೇ ಐತಿ ನೋಡು.”

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಊಟಕ್ಕೆ ಏಳಿ ಎಂದು ನಮ್ಮಿಬ್ಬರನ್ನೂ ಗದರಿದಳು.

ಡೈನೋಸಾರ್ ಪೆಂಡಾಲಿನಲ್ಲಿ ಬಾಲ ಎತ್ತಿಕೊಂಡೇ ನಿಂತಿತು. ಜನ ನಕ್ಕರು, ಆದರೆ ಮತ್ತೆ ಮತ್ತೆ ನೋಡಲು ಬಂದರು. ಯಾರೋ ಒಬ್ಬರು, “ಖರೇನ ಇಷ್ಟ ಬಣ್ಣ ಇದ್ದವೇನ್ರಿ ಇದಕ್ಕ?” ಎಂದು ಕೇಳಿದರು.

ಮಾವ ಹೆಂಗಸರ ಸಾಲಿನಲ್ಲಿ ಅತ್ತೆಯನ್ನು ಹುಡುಕಿ ನೋಡಿದ. “ಉಳಿದದ್ದು ಗೊತ್ತಿಲ್ರಿ,” ಎಂದ. “ಕೊರಳಿಂದು ಮಾತ್ರ ಖರೇ ಐತಿ.”