ಮೂರು ದಾರಿಯ ಲಿಂಬೆಹಣ್ಣು

ಭಯಾನಕ ಸಿನಿಮಾಗಳ ಬಗ್ಗೆ ನನ್ನದೊಂದು ಸಿದ್ಧಾಂತವಿದೆ. ಖರ್ಚು ಕಡಿಮೆಯಾದಷ್ಟೂ ದೆವ್ವದ ಕೂದಲು ಉದ್ದವಾಗುತ್ತದೆ. ಈ ಜ್ಞಾನ ನನಗೆ ಲಭಿಸಿದ್ದು ಪಿಯುಸಿ ಓದುವ ಮಗಳು ಸಹನಾಳ ದೆಸೆಯಿಂದ. ಹದಿಹರೆಯದ ಹುಡುಗಿಯರು ಮಾಟ ಕಲಿಯುವ ಅಗ್ಗದ ಸಿನಿಮಾಗಳೆಂದರೆ ಅವಳಿಗೆ ಪ್ರಾಣ. ಭಾಷೆ ಯಾವುದೇ ಇರಲಿ, ಕತೆ ಒಂದೇ: ನಾಲ್ಕು ಹುಡುಗಿಯರು, ಒಂದು ಮೇಣದಬತ್ತಿ, ಧೂಳು ಹಿಡಿದ ಒಂದು ಪುಸ್ತಕ, ಅವರನ್ನು ಗೇಲಿ ಮಾಡಿ ಕೆಟ್ಟ ಒಬ್ಬ ದುರ್ದೈವಿ. ಗಾಳಿ ನಿಲ್ಲಿಸುತ್ತಾರೆ, ಕಿಟಕಿ ಒಡೆಯುತ್ತಾರೆ, ಆ ಪಾಪದವನನ್ನು ಹಲ್ಲಿ ಮಾಡುತ್ತಾರೆ. ಇಷ್ಟೆಲ್ಲ ಶಕ್ತಿ ಕೈಗೆ ಬಂದರೂ ಒಬ್ಬಳಾದರೂ ಅದನ್ನು ಗಣಿತ ಪಾಸಾಗಲು ಬಳಸುವುದಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಅವುಗಳಲ್ಲಿ ನಿಜಕ್ಕೂ ಭಯಾನಕವಾಗಿ ಕಂಡದ್ದು ಅದೊಂದೇ.

ನೋಡುವಷ್ಟು ದಿನ ನೋಡಿ, ಕೊನೆಗೆ ಸಹನಾ ಮತ್ತು ಅವಳ ಗೆಳತಿಯರು ತಾವೇ ಒಂದು ಸಿನಿಮಾ ಮಾಡಲು ಹೊರಟರು. ಕುಮಟೆಯಲ್ಲಿ ಕಾಲೇಜು ಮಕ್ಕಳ ಕಿರುಚಿತ್ರ ಸ್ಪರ್ಧೆಯಂತೆ. ಕ್ಯಾಮೆರಾ ಎಂದರೆ ನನ್ನ ಫೋನು. ಮಧ್ಯಾಹ್ನದ ಬಿಸಿಲಿನಲ್ಲಿ ರಾತ್ರಿ ತರಿಸಲು, ಯಾರದೋ ಮದುವೆಯ ಉಡುಗೊರೆಗೆ ಸುತ್ತಿದ್ದ ಪಾರದರ್ಶಕ ನೀಲಿ ಕಾಗದವನ್ನು ಅದರ ಕಣ್ಣಿಗೆ ಅಂಟಿಸಿದರು. ರಕ್ತಕ್ಕೆ ಮನೆಯ ಮುರುಗಲ ಹಣ್ಣಿನ ಶರಬತ್ತು. ಮಾಟಗಾತಿಯ ಪಾತ್ರದವಳು ಪ್ರತಿ ಶಾಟಿನ ನಡುವೆ ತನ್ನ ರಕ್ತ ತಾನೇ ನೆಕ್ಕಿಕೊಂಡು, ಮತ್ತಷ್ಟು ಕೇಳುತ್ತಿದ್ದಳು.

"ಅಪ್ಪಾ, ಒಂದು ಮಂತ್ರ ಬೇಕಿತ್ತು," ಎಂದಳು ಸಹನಾ.

"ಎಂತಕ್ಕೆ?"

"ಖರೇ ಮಂತ್ರ ಬೇಡ. ಕೇಳ್ದವ್ರಿಗೆ ಹೆದ್ರಿಕೆ ಆದ್ರೆ ಸಾಕು."

ಮಕ್ಕಳು ಏನು ಕೇಳಿದರೆ ಹೆದರುತ್ತಾರೆ ಎಂಬ ವಿಷಯದಲ್ಲಿ ನನಗೆ ದೀರ್ಘ ಸೇವಾನುಭವವಿದೆ. ಮೂಲಧಾತುಗಳ ಪಟ್ಟಿಯನ್ನು ಹಿಂದಿನಿಂದ ಮುಂದಕ್ಕೆ ಹೊಸೆದು ಕೊಟ್ಟೆ: "ಆರ್ಗಾನ್ ಕ್ಲೋರಿನ್ ಗಂಧಕ ರಂಜಕ ಸ್ವಾಹಾ!" ಹುಡುಗಿಯರು ನಡುಗಿದರು. ಇನ್ನು ಲಿಂಬೆಹಣ್ಣು. ಅದನ್ನೂ ಹೊನ್ನಾವರದ ಸಂತೆಯಲ್ಲಿ ಮೂಸಿ, ಹಿಚುಕಿ, ಚೌಕಾಸಿ ಮಾಡಿ ತಂದವನು ನಾನೇ. ಈ ಎರಡು ಸಂಗತಿಗಳನ್ನು ಓದುಗರು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ನಾನೇ ಮರೆತೆ.

ನಮ್ಮ ಓಣಿಯ ಬಾಯಲ್ಲಿ ಮೂರು ದಾರಿ ಕೂಡುತ್ತವೆ. ಹುಡುಗಿಯರು ಅಲ್ಲಿ ಅಕ್ಕಿಹಿಟ್ಟಿನ ಮಂಡಲ ಬರೆದು, ಕುಂಕುಮ ಚೆಲ್ಲಿ, ದಾಸವಾಳವಿಟ್ಟು, ನಡುವೆ ಲಿಂಬೆಹಣ್ಣು ಕೂರಿಸಿ, ನನ್ನ ಮಂತ್ರ ಕಿರುಚಿ, ಎಲ್ಲ ಅಲ್ಲಿಯೇ ಬಿಟ್ಟು ಐಸ್‌ಕ್ರೀಂ ತಿನ್ನಲು ಹೋದರು. ಮೂರು ದಾರಿಯಲ್ಲಿ ಇಟ್ಟದ್ದನ್ನು ದಾಟಬಾರದು, ಮುಟ್ಟಬಾರದು, ತೆಗೆದವನಿಗೇ ಅದು ಅಂಟುತ್ತದೆ ಎಂಬುದು ನಮ್ಮೂರಿನಲ್ಲಿ ಯಾರೂ ಕಲಿಸದೆ ಎಲ್ಲರಿಗೂ ಬರುವ ಪಾಠ. ಕಸ ಗುಡಿಸುವವರು ಸುತ್ತಲೂ ಚೊಕ್ಕಟವಾಗಿ ಗುಡಿಸಿ ಅದನ್ನೊಂದು ದ್ವೀಪ ಮಾಡಿಟ್ಟರು. ಬೈಕಿನವರು ಇಳಿದು, ಬೈಕು ತಳ್ಳಿಕೊಂಡು, ಗಟಾರದ ಅಂಚಿನಲ್ಲಿ ಸರ್ಕಸ್ ಮಾಡಿದರು. ದನವೊಂದು ಬಂದು ದಾಸವಾಳ ತಿಂದು ಹೋಯಿತು. ಅದಕ್ಕೆ ಏನೂ ಆಗಲಿಲ್ಲವಲ್ಲ ಎಂದರೆ, "ಗೋಮಾತೆಗೆ ಎಂತ ಆಗ್ತದೆ ಮಾಸ್ತರೇ?" ಎಂದರು ಪಕ್ಕದ ಮನೆಯವರು.

ಇದೆಲ್ಲ ಸಹಿಸಬಹುದಿತ್ತು. ಆದರೆ ಹೊಳೆಯಾಚೆಯ ಕಾಸರಕೋಡಿನಿಂದ ಸೇತುವೆ ದಾಟಿ ದಿನಾ ಮೀನು ತರುವ ದೇವಕಿ ಆ ಮಂಡಲವನ್ನು ನೋಡಿ, ಬುಟ್ಟಿ ಸಮೇತ ಹಿಂದಕ್ಕೆ ತಿರುಗಿದಳು. ಮರುದಿನವೂ ಬರಲಿಲ್ಲ. ಓಣಿಯ ಅಡುಗೆಮನೆಗಳಲ್ಲಿ ಮಸಾಲೆ ಅರೆಯುವ ಸದ್ದು ನಿಂತಿತು. ಭಾನುವಾರ ಭಟ್ಕಳದಿಂದ ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ, ಬರುವವನಿದ್ದ. ತಂಗಿ ಸುಖವಾಗಿದ್ದಾಳೋ ಇಲ್ಲವೋ ಎಂಬುದನ್ನು ಆತ ತಟ್ಟೆಯಲ್ಲಿನ ಮೀನು ನೋಡಿ ತೀರ್ಮಾನಿಸುವವನು.

"ಹೋಯ್, ಇವತ್ತೂ ಬದನೇಕಾಯೇ," ಎಂದಳು ಹೆಂಡತಿ. "ಮೂಢನಂಬಿಕೆ ಮೇಲೆ ಭಾಷಣ ಮಾಡುಕೆ ಬರ್ತದೆ. ಒಂದು ಲಿಂಬೆಹಣ್ಣು ತೆಗುಕೆ ಆಗುದಿಲ್ವಾ?"

ನಾನು ಸಹನಾಳನ್ನು ಕರೆದೆ. ಮಾಡಿದವರೇ ತೆಗೆಯುವುದು ನ್ಯಾಯ.

"ನಾ ಒಲ್ಲೆ ಅಪ್ಪಾ. ನಾವು ಮಂತ್ರ ಹೇಳಿದ್ದು ಹೌದಲ್ಲ? ಎಂತಾದ್ರೂ ಆದ್ರೆ?"

"ಅದು ರಸಾಯನಶಾಸ್ತ್ರ ಮಾರಾಯ್ತಿ!"

"ಹಾಂಗಾದ್ರೆ ನೀವೇ ತೆಗೀರಿ. ನಿಮ್ಮ ಸಬ್ಜೆಕ್ಟು."

ಭಾನುವಾರ ಬೆಳಿಗ್ಗೆ ದೇವಕಿ ದೊಡ್ಡ ರಸ್ತೆಯಲ್ಲಿ ಹೋಗುವುದು ಕಂಡಿತು. ಓಡಿಹೋಗಿ ನಿಲ್ಲಿಸಿ, ಸಿನಿಮಾ, ಸ್ಪರ್ಧೆ, ಸಂತೆಯ ಲಿಂಬೆಹಣ್ಣು ಎಲ್ಲ ವಿವರಿಸಿದೆ. ಅವಳು ಬುಟ್ಟಿ ಇಳಿಸದೆ ಕೇಳಿದಳು.

"ಆತು ಮಾಸ್ತರೇ. ನಿಮ್ದೇ ಲಿಂಬೆಹಣ್ಣು ಅಂದ್ರೆ ನೀವೇ ಕೈಯಾರೆ ತೆಗೀರಿ. ನಾ ನೋಡ್ತೆ. ಬಂಗಡೆ ಜೀವ ಇದ್ದಾಂಗಿದೆ ಇವತ್ತು."

ಬೇಲಿಗಳ ಮೇಲೆ ಓಣಿಯ ತಲೆಗಳೆಲ್ಲ ಮೂಡಿದವು. ನಾನು ಲಂಚ ಕೊಡುವವನ ಹಾಗೆ ಅತ್ತಿತ್ತ ನೋಡುತ್ತ ಮಂಡಲದ ಅಂಚಿಗೆ ಹೋದೆ. ಸಂತೆಯಲ್ಲಿ ಹಳದಿಯಾಗಿ ನಗುತ್ತಿದ್ದ ಹಣ್ಣು ಈಗ ಸುಕ್ಕುಗಟ್ಟಿ, ಕಪ್ಪು ಚುಕ್ಕೆ ಮೂಡಿ, ಸೇಡಿನ ಸ್ವಭಾವದ ಯಾರೋ ಹಳೇ ನೆಂಟರ ಹಾಗೆ ನನ್ನನ್ನೇ ನೋಡುತ್ತಿತ್ತು. ಬಗ್ಗಿದೆ. ಪಂಚೆ ಸಡಿಲವಾಗಿದೆ ಅನ್ನಿಸಿತು, ಎದ್ದು ಕಟ್ಟಿಕೊಂಡೆ. ಮತ್ತೆ ಬಗ್ಗಿದೆ. ಪಾಗಾರದ ಗೋಡೆಯ ಮೇಲೊಂದು ಕಾಗೆ ಕೂಗಿತು. ಕೈ ಹಿಂದಕ್ಕೆ ಬಂತು, ಅದನ್ನು ಹಿಂದಕ್ಕೆ ಕರೆದವನು ನಾನಲ್ಲ. ಸಿಟ್ರಿಕ್ ಆಮ್ಲ, ಸಿಟ್ರಿಕ್ ಆಮ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಆದರೆ ಬಾಯಿಂದ ಹೊರಬಿದ್ದದ್ದು "ಅಮ್ಮಾ ತಾಯೇ, ಕಾಪಾಡು." ಕಣ್ಣು ಮುಚ್ಚಿ ಹಣ್ಣನ್ನು ಹಿಡಿದು, ಎಸೆದರೆ ಯಾರ ಅಂಗಳಕ್ಕೆ ಬಿದ್ದೀತೋ ಎಂದು ಹೆದರಿ, ಅಂಗಿಯ ಜೇಬಿಗೆ ಹಾಕಿಕೊಂಡೆ.

ದೇವಕಿ ಬಂದಳು. ಬುಟ್ಟಿ ಇಳಿಸಿದಳು. ನಾನು ಮೀನಿಗೆ ಕೈ ಚಾಚಿದಾಗ ಮಾತ್ರ ಹಿಂದೆ ಸರಿದು, "ಬೇಡ, ಮನೆ ಅಮ್ಮ ಬಂದು ತಕಂಡು ಹೋಗ್ಲಿ," ಎಂದಳು. ಮಧ್ಯಾಹ್ನ ಭಾವ ಬಂಗಡೆ ಸಾರು ಸುರಿದುಕೊಂಡು ಉಂಡು ತಂಗಿ ಸುಖವಾಗಿದ್ದಾಳೆಂದು ತೀರ್ಪು ಕೊಟ್ಟ.

ಕುಮಟೆಯಲ್ಲಿ ಸಿನಿಮಾ ತೋರಿಸಿದ ದಿನ ನಾವೆಲ್ಲ ಹೋಗಿದ್ದೆವು. ಮಾಟಗಾತಿ ಕೂದಲು ಕೆದರಿ "ಗಂಧಕ, ರಂಜಕ" ಎಂದಾಗ ಸಭೆ ಬಿದ್ದು ಬಿದ್ದು ನಕ್ಕಿತು. ರಕ್ತ ನೆಕ್ಕಿದಾಗ ಇನ್ನೂ ನಕ್ಕಿತು. ಆಮೇಲೆ ಇದ್ದಕ್ಕಿದ್ದಂತೆ ನಗು ನಿಂತಿತು. ಪರದೆಯ ಮೇಲೆ ನೀಲಿ ಬೆಳಕಿನ ಓಣಿ, ನಡುವೆ ಲಿಂಬೆಹಣ್ಣು, ಅದರ ಕಡೆ ನಡುಗುತ್ತ ಬರುವ ಒಬ್ಬ ಪಂಚೆಯ ಮನುಷ್ಯ. ಆ ಭಾನುವಾರ ಸಹನಾ ಮಾಳಿಗೆಯ ಕಿಟಕಿಯಿಂದ ಎಲ್ಲವನ್ನೂ ನನ್ನದೇ ಫೋನಿನಲ್ಲಿ ಹಿಡಿದಿದ್ದಳು. ಮುಂದಿನ ಸಾಲಿನ ಹೆಂಗಸೊಬ್ಬಳು ಪಕ್ಕದವಳ ಕೈ ಹಿಡಿದುಕೊಂಡಳು.

ಶ್ರೇಷ್ಠ ನಟನೆಯ ಬಹುಮಾನ ನನಗೆ ಬಂತು. "ಇಷ್ಟು ಸಹಜವಾದ ಭಯವನ್ನು ಹೇಗೆ ತಂದಿರಿ ಸರ್?" ಎಂದು ತೀರ್ಪುಗಾರರು ವೇದಿಕೆಯ ಮೇಲೆ ಕೇಳಿದರು. ಮನುಷ್ಯನ ಅಜ್ಞಾನವನ್ನು ಬಹಳ ವರ್ಷ ಹತ್ತಿರದಿಂದ ಅಧ್ಯಯನ ಮಾಡಿದ್ದೇನೆ ಎಂದು ಗಂಭೀರವಾಗಿ ಉತ್ತರಿಸಿದೆ. ಚಪ್ಪಾಳೆ ಬಿತ್ತು. ಕಾರ್ಯಕ್ರಮ ಮುಗಿದ ಮೇಲೆ ಎಲ್ಲರಿಗೂ ಲಿಂಬೆ ಶರಬತ್ತು ಹಂಚಿದರು. ನನಗೆ ಸಕ್ಕರೆ ಕಾಯಿಲೆ, ಬೇಡ ಎಂದೆ. ಹೆಂಡತಿ ನನ್ನ ಮುಖ ನೋಡಿದಳು. ನನಗೆ ಸಕ್ಕರೆ ಕಾಯಿಲೆ ಇರುವುದು ಅವಳಿಗೆ ಗೊತ್ತಾದದ್ದು ಅದೇ ಮೊದಲು.